ಯಾರೂ ಆರಿಸದ ಫಾರ್ವರ್ಡ್: ಮಾರ್ಟಿನ್ ಸೇಂಟ್ ಲೂಯಿ ಮತ್ತು 26ನೇ ನಂಬರ್

ಆಗಸ್ಟ್‌ನಲ್ಲಿ ಟ್ಯಾಂಪಾ ಏರ್‌ಪೋರ್ಟಿನಿಂದ ಹೊರಗೆ ಕಾಲಿಟ್ಟ ಕೂಡಲೇ ನಿಮಗೆ ಮಂಗಳೂರಿನ ಮೇ ತಿಂಗಳ ಸೆಕೆ ನೆನಪಾಗಿರುತ್ತೆ. ಮಧ್ಯಾಹ್ನ ಸುಡುಬಿಸಿಲು, ಸಂಜೆ ನಾಲ್ಕಕ್ಕೆ ಗುಡುಗು ಸಿಡಿಲು ಮಳೆ, ರಾತ್ರಿ ಸೊಳ್ಳೆ. ಹಿಮ ಅನ್ನೋದನ್ನು ಇಲ್ಲಿ ಫ್ರಿಜ್ಜಿನ ಒಳಗೆ ಮಾತ್ರ ನೋಡಬೇಕು. ಇಂಥ ಊರಲ್ಲಿ ಜನ ಅಕ್ಟೋಬರ್ ಬಂದರೆ ಸಾಕು, ನೀಲಿ ಜೆರ್ಸಿ ಹಾಕಿಕೊಂಡು ಐಸ್ ಹಾಕಿ ನೋಡೋಕೆ ಡೌನ್‌ಟೌನ್‌ಗೆ ಹೊರಡುತ್ತಾರೆ. ಊರಿನ ಸಿಡಿಲಿನ ಹೆಸರನ್ನೇ ತಂಡಕ್ಕೂ ಇಟ್ಟಿದ್ದಾರೆ: ಟ್ಯಾಂಪಾ ಬೇ ಲೈಟ್ನಿಂಗ್. ನಮ್ಮ ಎಲೆಕ್ಟ್ರಿಕಲ್ ಬ್ರಾಂಚಿನವರಿಗೆ ಒಂದು ವಿಶೇಷ ಸುದ್ದಿ, ತಂಡ ಗೋಲು ಹೊಡೆದಾಗ ಅರೀನಾದ ಛಾವಣಿಯಲ್ಲಿ ಟೆಸ್ಲಾ ಕಾಯಿಲ್‌ಗಳಿಂದ ನಿಜವಾದ ಮಿಂಚು ಹಾರಿಸುತ್ತಾರೆ.

ನಮಗೆ ಹಾಕಿ ಅಂದ್ರೆ ಕೊಡಗು, ಹುಲ್ಲಿನ ಮೈದಾನ, 1997ರಿಂದ ನಡೆಯುತ್ತಾ ಬಂದಿರೋ ಕೊಡವ ಕುಟುಂಬಗಳ ಹಾಕಿ ಹಬ್ಬ. ಇಲ್ಲಿ 'ಹಾಕಿ' ಅಂತ ಬರೀ ಹೇಳಿದರೆ ಅದು ಐಸ್ ಹಾಕಿಯೇ. ನಮ್ಮ ಹಾಕಿಗೆ ಇವರು 'ಫೀಲ್ಡ್ ಹಾಕಿ' ಅಂತಾರೆ. ಇಷ್ಟು ಗೊತ್ತಿದ್ದರೆ ಲ್ಯಾಬ್‌ಮೇಟ್ ಜೊತೆ ಮಾತು ಶುರು ಮಾಡಬಹುದು.

ಈ ಲೇಖನದಲ್ಲಿ ಆ ಅರೀನಾದ ಛಾವಣಿಯಿಂದ ತೂಗುಬಿದ್ದಿರುವ ಒಂದು ನಂಬರಿನ ಕಥೆ ಹೇಳ್ತೀನಿ. 26. ಅದನ್ನು ಧರಿಸಿದ್ದವರು ಮಾರ್ಟಿನ್ ಸೇಂಟ್ ಲೂಯಿ. ಅವರ ವೃತ್ತಿಯನ್ನು ಮೊದಲಿಂದ ಕೊನೆತನಕ ನೋಡಿದರೆ ಒಬ್ಬ ಫಾರ್ವರ್ಡ್ ಆಟಗಾರನ ಕೆಲಸ ಅಂದ್ರೆ ಏನು, ಅವನನ್ನು ಯಾರು ಆರಿಸುತ್ತಾರೆ, ಯಾರು ಬಿಡುತ್ತಾರೆ, ದುಡ್ಡು ಹೇಗೆ ಬರುತ್ತೆ, ಎಲ್ಲ ಅರ್ಥ ಆಗುತ್ತೆ. ಈ ವರ್ಷವೇ ಇದನ್ನು ಬರೆಯೋಕೆ ಇನ್ನೊಂದು ಕಾರಣ ಇದೆ. ನಮ್ಮ ಸಂಘದಲ್ಲಿ ಅರ್ಧಕ್ಕರ್ಧ ಜನ ಈಗ ಕೆಲಸ ಹುಡುಕುತ್ತಾ ಇದ್ದೀವಿ. ಒಪಿಟಿ ಶುರುವಾದ ಮೇಲೆ ಕೆಲಸವಿಲ್ಲದೆ ಇರಬಹುದಾದ 90 ದಿನಗಳನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡು ಎಣಿಸುತ್ತಿರುವವರೂ ಇದ್ದಾರೆ. 'ಈ ಸಲ ಬೇರೆ ಅಭ್ಯರ್ಥಿಯನ್ನು ಆರಿಸಿದ್ದೇವೆ' ಅನ್ನೋ ಮೇಲ್ ಬಂದಾಗ ಅದು ನಮ್ಮ ಬಗ್ಗೆ ನಿಜವಾಗಿ ಎಷ್ಟು ಹೇಳುತ್ತೆ? ಸೇಂಟ್ ಲೂಯಿ ಕಥೆಯಲ್ಲಿ ಈ ಪ್ರಶ್ನೆಗೆ ಒಂದು ಉತ್ತರ ಇದೆ. ಆದರೆ ಅದು ವಾಟ್ಸಾಪ್ ಫಾರ್ವರ್ಡುಗಳ ಸುಲಭದ ಉತ್ತರ ಅಲ್ಲ.

ಫಾರ್ವರ್ಡ್ ಮಾಡೋ ಕೆಲಸ ಏನು?

ಮೊದಲು ಆಟ. 200 ಅಡಿ ಉದ್ದ, 85 ಅಡಿ ಅಗಲದ ಐಸ್. ಒಂದು ತಂಡದಿಂದ ಆರು ಜನ: ಒಬ್ಬ ಗೋಲಿ, ಇಬ್ಬರು ಡಿಫೆನ್ಸ್, ಮೂವರು ಫಾರ್ವರ್ಡ್. ಆ ಮೂವರಲ್ಲಿ ನಡುವೆ ಸೆಂಟರ್, ಎಡಕ್ಕೊಬ್ಬ ಬಲಕ್ಕೊಬ್ಬ ವಿಂಗರ್. ಸೇಂಟ್ ಲೂಯಿ ವಿಂಗರ್. ಚೆಂಡಿನ ಬದಲು ಪಕ್ ಅನ್ನೋ ರಬ್ಬರಿನ ಬಿಲ್ಲೆ. 20 ನಿಮಿಷದ ಮೂರು ಪೀರಿಯಡ್.

ಕ್ರಿಕೆಟ್ ನೋಡಿ ಬೆಳೆದ ನಮಗೆ ವಿಚಿತ್ರ ಅನಿಸೋದು ಏನಂದ್ರೆ, ಯಾರೂ ಐಸ್ ಮೇಲೆ ನಿಲ್ಲೋದೇ ಇಲ್ಲ. ಒಂದು ತಂಡದಲ್ಲಿ 12 ಫಾರ್ವರ್ಡ್‌ಗಳು, ಮೂವರಂತೆ ನಾಲ್ಕು 'ಲೈನ್'. ಒಂದು ಲೈನ್ ಮುಕ್ಕಾಲು ನಿಮಿಷದಷ್ಟು ಹೊತ್ತು ಪ್ರಾಣ ಬಿಟ್ಟು ಓಡಿ, ಬೆಂಚಿಗೆ ಬಂದು ಕೂರುತ್ತೆ, ಆಟ ನಡೀತಾ ಇರುವಾಗಲೇ ಇನ್ನೊಂದು ಲೈನ್ ಗೋಡೆ ಹಾರಿ ಇಳಿಯುತ್ತೆ. ಮೊದಲ ಲೈನಿನವರು ಗೋಲು ಹೊಡೆಯೋಕೆ ಇರೋರು, ಅವರಿಗೆ ಪಂದ್ಯಕ್ಕೆ 20 ನಿಮಿಷದಷ್ಟು ಐಸ್ ಸಿಗಬಹುದು. ನಾಲ್ಕನೇ ಲೈನಿನವರಿಗೆ ಅದರ ಅರ್ಧ. ಎದುರಾಳಿಯನ್ನು ತಡೆಯೋದು, ಮೈ ಒಡ್ಡೋದು ಅವರ ಕೆಲಸ. ಎದುರಾಳಿ ತಪ್ಪು ಮಾಡಿ ಒಬ್ಬ ಹೊರಗೆ ಕೂತಾಗ ಸಿಗುವ 'ಪವರ್ ಪ್ಲೇ' ಅನ್ನೋ ಹಬ್ಬದೂಟಕ್ಕೆ ಸಾಮಾನ್ಯವಾಗಿ ಮೊದಲ ಪಂಕ್ತಿಯವರಿಗೇ ಎಲೆ ಹಾಕೋದು.

ಲೆಕ್ಕ ಸುಲಭ. ಗೋಲು ಹೊಡೆದರೆ ಒಂದು ಪಾಯಿಂಟ್. ಆ ಗೋಲಿಗೆ ಮುಂಚೆ ಪಕ್ ಕೊಟ್ಟ ಇಬ್ಬರವರೆಗೂ 'ಅಸಿಸ್ಟ್' ಅಂತ ಒಂದೊಂದು ಪಾಯಿಂಟ್. ಸೇಂಟ್ ಲೂಯಿ ಆಡುತ್ತಿದ್ದ ಕಾಲದಲ್ಲಿ ಒಂದು ಪೂರ್ಣ ಸೀಸನ್‌ನಲ್ಲಿ 82 ಪಂದ್ಯ ಇದ್ದವು. ಪಂದ್ಯಕ್ಕೊಂದು ಪಾಯಿಂಟ್ ಸರಾಸರಿ ಇದ್ದರೆ ಅವನು ನಕ್ಷತ್ರ.

ಇಲ್ಲಿ ಒಂದು ವಿಷಯ ಗಮನಿಸಿ. ಪಾಯಿಂಟ್ ಬರೋದು ಐಸ್ ಸಿಕ್ಕರೆ. ಐಸ್ ಸಿಗೋದು ಪಾಯಿಂಟ್ ಬಂದರೆ. ಅನುಭವ ಇದ್ದರೆ ಕೆಲಸ, ಕೆಲಸ ಇದ್ದರೆ ಅನುಭವ ಅನ್ನೋ ನಮ್ಮ ಗೋಳೇ ಇದು.

ಡ್ರಾಫ್ಟ್ ಅನ್ನೋ ಕ್ಯಾಂಪಸ್ ಪ್ಲೇಸ್‌ಮೆಂಟ್

ಎನ್‌ಎಚ್‌ಎಲ್ ಅಂದ್ರೆ ನ್ಯಾಷನಲ್ ಹಾಕಿ ಲೀಗ್, ಜಗತ್ತಿನ ಅತ್ಯುನ್ನತ ಲೀಗ್. ಇವತ್ತು 32 ತಂಡಗಳು. ಪ್ರತಿ ವರ್ಷ 18ರಿಂದ 20 ವಯಸ್ಸಿನ ಹುಡುಗರನ್ನು ಒಬ್ಬೊಬ್ಬರಾಗಿ ಆರಿಸುವ ಡ್ರಾಫ್ಟ್ ನಡೆಯುತ್ತೆ, ಈಗ ಏಳು ಸುತ್ತು. ನಮ್ಮ ಐಪಿಎಲ್ ಹರಾಜಿನ ಥರ ಹಣ ಕೂಗೋದಿಲ್ಲ, ಸರದಿ ಪ್ರಕಾರ ಹೆಸರು ಹೇಳೋದು. ಆಯ್ಕೆಯಾದವನ ಹಕ್ಕು ಆ ತಂಡದ್ದು. ಆಯ್ಕೆಯಾದವರಲ್ಲೂ ಬಹಳಷ್ಟು ಜನ ನೇರ ಎನ್‌ಎಚ್‌ಎಲ್‌ಗೆ ಹೋಗೋದಿಲ್ಲ. ಕೆಳಗಿನ ಎಎಚ್‌ಎಲ್ ಅನ್ನೋ ಲೀಗಿನಲ್ಲಿ ಬಸ್ಸಿನಲ್ಲಿ ಊರೂರು ಸುತ್ತಿ ಆಡುತ್ತಾರೆ, ಮೇಲಿಂದ ಕರೆ ಬಂದಾಗ ಹೋಗುತ್ತಾರೆ, ಕಳಿಸಿದಾಗ ವಾಪಸ್ ಬರುತ್ತಾರೆ.

ಮಾರ್ಟಿನ್ ಸೇಂಟ್ ಲೂಯಿ ಹುಟ್ಟಿದ್ದು 1975ರ ಜೂನ್ 18ರಂದು, ಕೆನಡಾದ ಕ್ವಿಬೆಕ್ ಪ್ರಾಂತ್ಯದ ಲಾವಾಲ್‌ನಲ್ಲಿ. ಮಾತೃಭಾಷೆ ಫ್ರೆಂಚ್. ಅವರು 18 ತುಂಬಿ ಡ್ರಾಫ್ಟಿಗೆ ಅರ್ಹರಾದಾಗ ಯಾರೂ ಆರಿಸಲಿಲ್ಲ. ಮಾರನೇ ವರ್ಷವೂ ಇಲ್ಲ. ಆಮೇಲೂ ಇಲ್ಲ. ಆಗ ಸುತ್ತುಗಳು ಇವತ್ತಿಗಿಂತ ಜಾಸ್ತಿ ಇದ್ದವು, ಆದರೂ ಇಲ್ಲ. ಕಾರಣ ಗುಟ್ಟೇನಲ್ಲ, ಎತ್ತರ. ದಾಖಲೆಯಲ್ಲಿ ಅವರದು 5 ಅಡಿ 8 ಇಂಚು. ಆ ಕಾಲದ ಆಟದಲ್ಲಿ ಎದುರಾಳಿಯನ್ನು ಸ್ಟಿಕ್ಕಿನಿಂದ ಕೊಕ್ಕೆ ಹಾಕಿ ಎಳೆಯೋದು, ಅಪ್ಪಿ ಹಿಡಿಯೋದು ಇವನ್ನೆಲ್ಲ ಅಂಪೈರ್‌ಗಳು ಕಂಡೂ ಕಾಣದ ಹಾಗೆ ಬಿಡುತ್ತಿದ್ದರು. ಸ್ಕೌಟ್‌ಗಳು ಆರಡಿ ಮೀರಿದ, ನೂರು ಕಿಲೋ ಹತ್ತಿರದ ಹುಡುಗರನ್ನು ಹುಡುಕುತ್ತಿದ್ದರು. ನಮ್ಮ ಭಾಷೆಯಲ್ಲಿ ಹೇಳೋದಾದರೆ, ರೆಸ್ಯೂಮೆ ಓದೋಕೆ ಮುಂಚೆಯೇ ಫಿಲ್ಟರ್ ಕಿತ್ತುಹಾಕಿತ್ತು.

ವರ್ಮಾಂಟ್‌ನ ನಾಲ್ಕು ವರ್ಷ

ಹಾಗಾಗಿ ಅವರು ಯೂನಿವರ್ಸಿಟಿ ದಾರಿ ಹಿಡಿದರು. 1993ರಲ್ಲಿ ಗಡಿ ದಾಟಿ ಅಮೆರಿಕದ ಯೂನಿವರ್ಸಿಟಿ ಆಫ್ ವರ್ಮಾಂಟ್‌ಗೆ ಬಂದರು. ಜೊತೆಗೆ ಬಾಲ್ಯದ ಗೆಳೆಯ ಎರಿಕ್ ಪೆರಾಂ, ಅವರೂ ಲಾವಾಲ್‌ನವರೇ, ಅವರೂ ಕುಳ್ಳರೇ, ಅವರೂ ಫಾರ್ವರ್ಡೇ. ಗೋಲಿನಲ್ಲಿ ಟಿಮ್ ಥಾಮಸ್ ಅನ್ನೋ ಮಿಷಿಗನ್ ಹುಡುಗ. ಈ ಮೂರು ಹೆಸರು ನೆನಪಿಟ್ಟುಕೊಳ್ಳಿ, ಕೊನೆಗೆ ಬೇಕಾಗುತ್ತೆ.

ನಾಲ್ಕು ವರ್ಷದಲ್ಲಿ ಸೇಂಟ್ ಲೂಯಿ 139 ಪಂದ್ಯ ಆಡಿ 267 ಪಾಯಿಂಟ್ ಗಳಿಸಿದರು. 1996ರಲ್ಲಿ ವರ್ಮಾಂಟ್ ಮೊದಲ ಸಲ ಕಾಲೇಜು ಹಾಕಿಯ ಕೊನೆಯ ನಾಲ್ಕು ತಂಡಗಳ ಸುತ್ತಿಗೆ ಹೋಯಿತು, ಸೆಮಿಫೈನಲ್‌ನಲ್ಲಿ ಸೋತಿತು. 1997ರಲ್ಲಿ ಓದು ಮುಗಿಯಿತು. ಕೈಯಲ್ಲಿ ದಾಖಲೆಗಳಿದ್ದವು, ಆಫರ್ ಇರಲಿಲ್ಲ.

ಆಟವಾ ತಂಡದ ಕ್ಯಾಂಪಿಗೆ ಟ್ರೈಔಟ್‌ಗೆ ಹೋದರು. ಒಪ್ಪಂದ ಸಿಗಲಿಲ್ಲ. ಕೆಳದರ್ಜೆಯ ಲೀಗಿನ ಕ್ಲೀವ್‌ಲೆಂಡ್ ಲಂಬರ್‌ಜ್ಯಾಕ್ಸ್ ತಂಡಕ್ಕೆ ಸೇರಿ 56 ಪಂದ್ಯದಲ್ಲಿ 50 ಪಾಯಿಂಟ್ ತೆಗೆದರು. ಅದನ್ನು ನೋಡಿ 1998ರ ಆರಂಭದಲ್ಲಿ ಕ್ಯಾಲ್ಗರಿ ಫ್ಲೇಮ್ಸ್ ಕೈ ಹಿಡಿಯಿತು. ಆಗ ಅವರ ವಯಸ್ಸು 22. ಅವರ ಓರಗೆಯ, ಡ್ರಾಫ್ಟ್ ಆಗಿದ್ದ ಹುಡುಗರು ಆಗಲೇ ಮೂರು ನಾಲ್ಕು ಸೀಸನ್ ಆಡಿ ಮುಗಿಸಿದ್ದರು.

ಕ್ಯಾಲ್ಗರಿ: ಇದ್ದೂ ಇಲ್ಲದ ಹಾಗೆ

1998ರ ಅಕ್ಟೋಬರ್‌ನಲ್ಲಿ ಮೊದಲ ಎನ್‌ಎಚ್‌ಎಲ್ ಪಂದ್ಯ. ನಡೆದದ್ದು ಎಲ್ಲಿ ಗೊತ್ತಾ? ಟೋಕಿಯೋದಲ್ಲಿ. ಲೀಗ್ ಆ ವರ್ಷ ಜಪಾನಿನಲ್ಲಿ ಪಂದ್ಯ ಇಟ್ಟಿತ್ತು. ಆ ಸೀಸನ್‌ನಲ್ಲಿ ಅವರಿಗೆ ಸಿಕ್ಕಿದ್ದು ಬರೀ 13 ಪಂದ್ಯ, ಒಂದು ಗೋಲು, ಒಂದು ಅಸಿಸ್ಟ್. ಉಳಿದ ದಿನ ಎಎಚ್‌ಎಲ್‌ನ ಸೇಂಟ್ ಜಾನ್ ತಂಡದಲ್ಲಿ. ಅಲ್ಲಿ ಪಂದ್ಯಕ್ಕೊಂದು ಪಾಯಿಂಟಿಗೂ ಹೆಚ್ಚು ಗಳಿಸುತ್ತಿದ್ದ ಅದೇ ಆಟಗಾರ ಮೇಲೆ ಬಂದಾಗ ಖಾಲಿ ಕೈ. ಮುಂದಿನ ವರ್ಷ 56 ಪಂದ್ಯ, 3 ಗೋಲು, 15 ಅಸಿಸ್ಟ್.

ಈ ವ್ಯತ್ಯಾಸಕ್ಕೆ ಕಾರಣ ಮೇಲೆ ಹೇಳಿದ ಲೈನ್ ವ್ಯವಸ್ಥೆಯಲ್ಲೇ ಇದೆ. ಕೆಳಗೆ ಆಡುವಾಗ ಅವರು ಮೊದಲ ಲೈನ್, ಪವರ್ ಪ್ಲೇ. ಮೇಲೆ ಬಂದಾಗ ಕೆಳಗಿನ ಲೈನ್, ಕಡಿಮೆ ನಿಮಿಷ, ತಡೆಯೋ ಕೆಲಸ. ಗೋಲು ಸೃಷ್ಟಿಸೋ ಕೈಗೆ ಕಾವಲುಗಾರನ ಕೋಲು ಕೊಟ್ಟ ಹಾಗೆ. ಹತ್ತು ನಿಮಿಷ ಸಿಗೋ ಆಟಗಾರ ಒಂದು ತಪ್ಪು ಪಾಸ್ ಕೊಟ್ಟರೆ ಬೆಂಚಿಗೆ ಹೋಗಿ ಕೂರಬೇಕು. ಹಾಗಾಗಿ ಅವನು ತಪ್ಪು ಮಾಡದಿರೋದಕ್ಕಾಗಿಯೇ ಆಡೋಕೆ ಶುರು ಮಾಡ್ತಾನೆ. ಸಾಹಸದ ಪಾಸ್ ಕೊಡದೆ ಇದ್ದರೆ ಸೇಂಟ್ ಲೂಯಿಯಲ್ಲಿ ಉಳಿಯೋದು ಒಬ್ಬ ಕುಳ್ಳ ಆಟಗಾರ ಅಷ್ಟೇ.

2000ನೇ ಇಸವಿಯ ಬೇಸಿಗೆ. ಲೀಗಿಗೆ ಕೊಲಂಬಸ್ ಮತ್ತು ಮಿನೆಸೋಟ ಅನ್ನೋ ಎರಡು ಹೊಸ ತಂಡ ಬಂದವು. ಹಳೇ ತಂಡಗಳು ಕಾಪಾಡಿಕೊಳ್ಳದೆ ಬಿಟ್ಟ ಆಟಗಾರರಿಂದ ಇವೆರಡೂ ಸೇರಿ 52 ಜನರನ್ನು ಆರಿಸಿಕೊಂಡವು. ಕ್ಯಾಲ್ಗರಿ ಸೇಂಟ್ ಲೂಯಿಯನ್ನು ಕಾಪಾಡಲಿಲ್ಲ. ಹೊಸ ತಂಡಗಳೂ ಆ 52ರಲ್ಲಿ ಅವರನ್ನು ಸೇರಿಸಲಿಲ್ಲ. ಅದೇ ಬೇಸಿಗೆಯಲ್ಲಿ ಕ್ಯಾಲ್ಗರಿಯ ಆಡಳಿತವೂ ಬದಲಾಗಿತ್ತು. ಹೊಸಬರು ಅವರ ಒಪ್ಪಂದದ ಬಾಕಿಯನ್ನು ಚುಕ್ತಾ ಮಾಡಿ ಕಳಿಸಿಬಿಟ್ಟರು. ಇದಕ್ಕೆ ಇಲ್ಲಿ 'ಬೈಔಟ್' ಅಂತಾರೆ. 25 ವಯಸ್ಸು, 69 ಪಂದ್ಯ, 4 ಗೋಲು. ಬೇರೆಯವರಾಗಿದ್ದರೆ ಕಥೆ ಇಲ್ಲಿಗೆ ಮುಗೀತಿತ್ತು.

ನಮ್ಮ ಊರಿಗೆ ಬಂದರು

2000ರ ಜುಲೈ 31ರಂದು ಟ್ಯಾಂಪಾ ಅವರನ್ನು ಸೇರಿಸಿಕೊಂಡಿತು. ದೊಡ್ಡ ದೂರದೃಷ್ಟಿ ಅಂತ ಆಗ ಯಾರೂ ಹೇಳಲಿಲ್ಲ. ಟ್ಯಾಂಪಾ ಆಗ ಲೀಗಿನ ತಳದಲ್ಲಿದ್ದ ತಂಡ, 1992ರಲ್ಲಿ ಹುಟ್ಟಿದ್ದು. ಒಳ್ಳೆ ಆಟಗಾರರು ಸಾಲುಗಟ್ಟಿ ಬರೋ ಜಾಗ ಅಲ್ಲ. ಆದರೆ ಬಡ ತಂಡದಲ್ಲಿ ಒಂದು ಅನುಕೂಲ ಇದೆ: ಅಲ್ಲಿ ಜಾಗ ಖಾಲಿ ಇರುತ್ತೆ. ಮೊದಲ ಸೀಸನ್ ಅವರು 78 ಪಂದ್ಯ ಆಡಿ 40 ಪಾಯಿಂಟ್ ಗಳಿಸಿದರು, ಅದರಲ್ಲಿ 18 ಗೋಲು. ಆ ಸೀಸನ್ ನಡುವೆ ತಂಡದ ಚುಕ್ಕಾಣಿ ಹಿಡಿದ ಜಾನ್ ಟಾರ್ಟೊರೆಲ್ಲಾ ಅನ್ನೋ ಮುಂಗೋಪಿ ಕೋಚ್ ಅವರಿಗೆ ಐಸ್ ಕೊಡುತ್ತಾ ಹೋದರು. ಎರಡನೇ ವರ್ಷ ಕಾಲು ಮುರಿದು 53 ಪಂದ್ಯಕ್ಕೆ ನಿಂತರು. ಮೂರನೇ ವರ್ಷ 70 ಪಾಯಿಂಟ್.

ಸಣ್ಣ ದೇಹದಲ್ಲಿ ಇದೆಲ್ಲ ಹೇಗೆ? ಹಳೇ ಪಂದ್ಯಗಳ ವಿಡಿಯೋ ಸಿಗುತ್ತೆ, ಅವರ ತೊಡೆಗಳನ್ನು ಗಮನಿಸಿ. ಮರದ ದಿಮ್ಮಿ. ಎತ್ತರ ಕಡಿಮೆ ಇದ್ದರೆ ಗುರುತ್ವ ಕೇಂದ್ರವೂ ಕೆಳಗೆ. ಆರಡಿ ನಾಲ್ಕಿಂಚಿನ ಡಿಫೆನ್ಸ್‌ನವನು ಒರಗಿದರೂ ಬೀಳದೆ ಸ್ಕೇಟಿನ ಅಂಚಿನ ಮೇಲೆ ತಿರುಗಿ ಅವನ ತೋಳಿನ ಕೆಳಗಿಂದ ಜಾರಿ ಹೋಗುತ್ತಿದ್ದರು. ಇನ್ನೊಂದು ಅಸ್ತ್ರ, ತಾವು ಪಾಸ್ ಕೊಟ್ಟ ಮೇಲೆ ಖಾಲಿ ಜಾಗಕ್ಕೆ ಓಡಿ ಅದನ್ನೇ ವಾಪಸ್ ತಗೊಳ್ಳೋದು. ಪಕ್ ಇಲ್ಲದೆ ಇರುವಾಗಲೇ ಅವರ ಅರ್ಧ ಆಟ. ಮೂರ್ತಿ ಚಿಕ್ಕದಾದರೂ ಕೀರ್ತಿ ದೊಡ್ಡದು ಅಂತ ನಮ್ಮಲ್ಲಿ ಸುಮ್ಮನೆ ಹೇಳ್ತಾರಾ.

2004: ಕ್ಯಾಲ್ಗರಿ ಎದುರಿಗೆ

2003-04ರ ಸೀಸನ್‌ನಲ್ಲಿ 82 ಪಂದ್ಯಗಳಲ್ಲಿ 38 ಗೋಲು, 56 ಅಸಿಸ್ಟ್, ಒಟ್ಟು 94 ಪಾಯಿಂಟ್. ಲೀಗಿನಲ್ಲೇ ಅತಿ ಹೆಚ್ಚು. ಅದಕ್ಕೆ ಆರ್ಟ್ ರಾಸ್ ಟ್ರೋಫಿ. ಲೀಗಿನ ಅತ್ಯಮೂಲ್ಯ ಆಟಗಾರನಿಗೆ ಕೊಡುವ ಹಾರ್ಟ್ ಟ್ರೋಫಿಯೂ ಅವರಿಗೇ. ಟ್ಯಾಂಪಾ ಮೊದಲ ಸಲ ಸ್ಟ್ಯಾನ್ಲಿ ಕಪ್ ಫೈನಲ್ ತಲುಪಿತು. ಎದುರಾಳಿ ಯಾರು? ನಾಲ್ಕು ವರ್ಷದ ಹಿಂದೆ ಅವರನ್ನು ಬೇಡ ಅಂದಿದ್ದ ಕ್ಯಾಲ್ಗರಿ. ಸಿನಿಮಾದಲ್ಲಿ ಬರೆದರೆ ಅತಿಯಾಯ್ತು ಅಂತ ಹೇಳ್ತಿದ್ವಿ.

ಏಳು ಪಂದ್ಯದ ಸರಣಿ. ಐದು ಮುಗಿದಾಗ ಕ್ಯಾಲ್ಗರಿ 3-2 ಮುಂದೆ. ಆರನೇ ಪಂದ್ಯ ಜೂನ್ 5ರಂದು ಕ್ಯಾಲ್ಗರಿಯಲ್ಲಿ. ಗೆದ್ದರೆ ಕಪ್ ಅವರದೇ, ಇಡೀ ಊರು ಕೆಂಪು ಜೆರ್ಸಿಯಲ್ಲಿ ಕಾಯುತ್ತಿತ್ತು. 2-2 ಸಮ ಆಗಿ ಪಂದ್ಯ ಓವರ್‌ಟೈಮ್‌ಗೆ ಹೋಯಿತು. ಮೂರನೇ ಪೀರಿಯಡ್‌ನಲ್ಲಿ ಪಕ್ ಗೋಲು ಗೆರೆ ದಾಟಿತ್ತು, ಕೊಡಲಿಲ್ಲ ಅಂತ ಕ್ಯಾಲ್ಗರಿಯವರು ಇಂದಿಗೂ ವಾದ ಮಾಡ್ತಾರೆ. ಎರಡನೇ ಓವರ್‌ಟೈಮ್ ಶುರುವಾಗಿ 33 ಸೆಕೆಂಡ್, ಗೋಲಿಯಿಂದ ಚಿಮ್ಮಿದ ಪಕ್ ಪಕ್ಕದಲ್ಲಿದ್ದ ಸೇಂಟ್ ಲೂಯಿ ಕಡೆ ಬಂತು. ಗೋಲು. ಇಡೀ ಸ್ಟೇಡಿಯಂ ಸ್ತಬ್ಧ. ಎರಡು ದಿನದ ನಂತರ ಟ್ಯಾಂಪಾದಲ್ಲಿ ಏಳನೇ ಪಂದ್ಯ 2-1ರಿಂದ ಗೆದ್ದು ಕಪ್ ನಮ್ಮ ಊರಿಗೆ ಬಂತು. ಒಂದೇ ವರ್ಷದಲ್ಲಿ ಆರ್ಟ್ ರಾಸ್, ಹಾರ್ಟ್, ಸ್ಟ್ಯಾನ್ಲಿ ಕಪ್ ಮೂರೂ ಗೆದ್ದದ್ದು 1987ರ ವೇಯ್ನ್ ಗ್ರೆಟ್ಸ್ಕಿ ನಂತರ ಇವರೇ.

ಇದರಲ್ಲಿ ಒಂದು ಸೂಕ್ಷ್ಮ ಇದೆ. ಕೊಕ್ಕೆ ಹಾಕೋದು, ಹಿಡಿಯೋದನ್ನು ಲೀಗ್ ಗಟ್ಟಿಯಾಗಿ ತಡೆದದ್ದು 2005ರಿಂದ. ಅಂದ್ರೆ ಸಣ್ಣ ಆಟಗಾರರಿಗೆ ಅನುಕೂಲ ಆಗೋ ನಿಯಮ ಬರೋಕೆ ಮುಂಚೆಯೇ ಅವರು ಮೇಲೆ ಹೋಗಿ ನಿಂತಿದ್ದರು.

ದುಡ್ಡಿನ ಲೆಕ್ಕ

ಗೆದ್ದ ಮೇಲೆ ಏನಾಯ್ತು? ಕೆಲಸವೇ ನಿಂತಿತು. ಮಾಲೀಕರು ಮತ್ತು ಆಟಗಾರರ ಸಂಘದ ಜಗಳದಿಂದ 2004-05ರ ಇಡೀ ಸೀಸನ್ ರದ್ದು. ಅವರು ಸ್ವಿಟ್ಜರ್ಲೆಂಡಿನ ಲೊಸಾನ್ ತಂಡಕ್ಕೆ ಹೋಗಿ ಆಡಿದರು. ಜಗಳ ಮುಗಿದಾಗ 'ಸ್ಯಾಲರಿ ಕ್ಯಾಪ್' ಬಂತು: ಒಂದು ತಂಡ ಎಲ್ಲ ಆಟಗಾರರ ಸಂಬಳಕ್ಕೆ ಇಷ್ಟೇ ಖರ್ಚು ಮಾಡಬಹುದು ಅನ್ನೋ ಮಿತಿ. ಮೊದಲ ವರ್ಷ ಅದು 3.9 ಕೋಟಿ ಡಾಲರ್. ಸೇಂಟ್ ಲೂಯಿಗೆ ಟ್ಯಾಂಪಾ ಆರು ವರ್ಷಕ್ಕೆ 3.15 ಕೋಟಿ ಡಾಲರ್ ಕೊಟ್ಟಿತು, ವರ್ಷಕ್ಕೆ ಸರಾಸರಿ 52.5 ಲಕ್ಷ. ತಂಡದ ಸಂಬಳದಲ್ಲಿ ಸುಮಾರು 13 ಪರ್ಸೆಂಟ್ ಒಬ್ಬರಿಗೇ. ಕ್ಯಾಪ್ ಇರೋ ಲೀಗಿನಲ್ಲಿ ಒಬ್ಬರಿಗೆ ಹೆಚ್ಚು ಕೊಟ್ಟರೆ ಇನ್ನೊಬ್ಬರಿಗೆ ಕಡಿಮೆ. ಕಪ್ ಗೆಲ್ಲಿಸಿದ ಗೋಲಿ ನಿಕೊಲಾಯ್ ಖಬಿಬುಲಿನ್ ಅದೇ ಬೇಸಿಗೆಯಲ್ಲಿ ಷಿಕಾಗೋಗೆ ಹೊರಟರು. ಗೆದ್ದ ತಂಡಗಳು ಚದುರೋದು ಹೀಗೆ.

ಒಪ್ಪಂದದ ಮೊದಲ ವರ್ಷ ಅವರ ಪಾಯಿಂಟ್ 61ಕ್ಕೆ ಇಳಿಯಿತು. 'ದುಡ್ಡು ಬಂತು, ಆಟ ಹೋಯ್ತು' ಅನ್ನೋರಿಗೆ ಮಾತಾಡೋಕೆ ಒಂದು ವರ್ಷ ಸಿಕ್ಕಿತು. ಮುಂದಿನ ವರ್ಷ 43 ಗೋಲು, 102 ಪಾಯಿಂಟ್.

ವಯಸ್ಸಾದ ಮೇಲಿನ ಎರಡನೇ ಇನಿಂಗ್ಸ್

ಐಸ್ ಹಾಕಿಯಲ್ಲಿ ಮೂವತ್ತು ದಾಟಿದ ಫಾರ್ವರ್ಡ್‌ನ ಗ್ರಾಫ್ ಸಾಮಾನ್ಯವಾಗಿ ಇಳಿಯುತ್ತೆ. ಓಟ ಮೊದಲು ಹೋಗುತ್ತೆ. ಸೇಂಟ್ ಲೂಯಿ 35ರ ವಯಸ್ಸಿನಲ್ಲಿ, 2010-11ರಲ್ಲಿ, 99 ಪಾಯಿಂಟ್ ಗಳಿಸಿದರು. ಅವರಿಗಿಂತ 15 ವರ್ಷ ಚಿಕ್ಕ ಸ್ಟೀವನ್ ಸ್ಟ್ಯಾಂಕೋಸ್ ಜೊತೆ ಒಂದೇ ಲೈನಿನಲ್ಲಿ ಆಡಿ, ಅವರಿಗೆ ಗೋಲಿನ ಮೇಲೆ ಗೋಲು ಬಡಿಸಿದರು. ಸತತ 499 ಪಂದ್ಯ ತಪ್ಪಿಸದೆ ಆಡಿದ್ದವರನ್ನು 2011ರ ಡಿಸೆಂಬರ್‌ನಲ್ಲಿ ನಿಲ್ಲಿಸಿದ್ದು ಎದುರಾಳಿ ಅಲ್ಲ, ಪ್ರಾಕ್ಟೀಸಿನಲ್ಲಿ ಮುಖಕ್ಕೆ ಬಡಿದ ಪಕ್. 500ಕ್ಕೆ ಒಂದೇ ಬಾಕಿ ಇತ್ತು.

2013ರಲ್ಲಿ ಮತ್ತೊಂದು ಜಗಳದಿಂದ ಸೀಸನ್ 48 ಪಂದ್ಯಕ್ಕೆ ಕುಗ್ಗಿತ್ತು. ಅದರಲ್ಲಿ 60 ಪಾಯಿಂಟ್ ತೆಗೆದು ಎರಡನೇ ಸಲ ಆರ್ಟ್ ರಾಸ್ ಗೆದ್ದರು. 37ರ ವಯಸ್ಸಿನಲ್ಲಿ. ಲೀಗಿನ ಇತಿಹಾಸದಲ್ಲಿ ಇಷ್ಟು ವಯಸ್ಸಾದ ಮೇಲೆ ಅದನ್ನು ಗೆದ್ದವರು ಬೇರೆ ಇರಲಿಲ್ಲ. ಸಭ್ಯ ಆಟಕ್ಕೆ ಕೊಡುವ ಲೇಡಿ ಬಿಂಗ್ ಟ್ರೋಫಿಯನ್ನೂ ಮೂರು ಸಲ ಪಡೆದರು.

ಬೇಜಾರು, ನ್ಯೂಯಾರ್ಕ್, ಅಮ್ಮ

2014ರ ಆರಂಭ. ಸೋಚಿ ಒಲಿಂಪಿಕ್ಸ್‌ಗೆ ಕೆನಡಾ ತಂಡ ಆರಿಸಿದವರು ಸ್ಟೀವ್ ಐಜರ್ಮನ್. ಟ್ಯಾಂಪಾದ ಜನರಲ್ ಮ್ಯಾನೇಜರ್ ಕೂಡ ಅವರೇ. ದಿನಾ ತಮ್ಮ ಕಣ್ಣೆದುರು ಆಡುವ ಕ್ಯಾಪ್ಟನ್ ಸೇಂಟ್ ಲೂಯಿಯನ್ನು ಅವರು ಮೊದಲ ಪಟ್ಟಿಯಲ್ಲಿ ಸೇರಿಸಲಿಲ್ಲ. ಆಮೇಲೆ ಸ್ಟ್ಯಾಂಕೋಸ್ ಗಾಯದಿಂದ ಹೊರಗುಳಿದಾಗ ಆ ಜಾಗಕ್ಕೆ ಕರೆ ಬಂತು. ಹೋಗಿ ಚಿನ್ನ ಗೆದ್ದು ಬಂದರು. ಆದರೆ ಮನಸ್ಸು ಮುರಿದಿತ್ತು. ಬೇರೆ ತಂಡಕ್ಕೆ ಕಳಿಸಿ ಅಂತ ಕೇಳಿದರು. ತಮ್ಮ ಒಪ್ಪಿಗೆ ಇಲ್ಲದೆ ಎಲ್ಲಿಗೂ ಕಳಿಸುವಂತಿಲ್ಲ ಅನ್ನೋ ಷರತ್ತು ಅವರ ಒಪ್ಪಂದದಲ್ಲಿತ್ತು, ಹಾಗಾಗಿ ಹೋಗೋ ಜಾಗವನ್ನು ಅವರೇ ಹೇಳಬಹುದಿತ್ತು. ಮಾರ್ಚ್ 5ರಂದು ನ್ಯೂಯಾರ್ಕ್ ರೇಂಜರ್ಸ್‌ಗೆ ಹೋದರು. ಟ್ಯಾಂಪಾ ಅಭಿಮಾನಿಗಳಿಗೆ ಕೋಪ ಬಂತು. 13 ಸೀಸನ್ ಆಡಿದ ಊರಿನಿಂದ ಅವರು ಹೋದದ್ದು ಹೀಗೆ, ಸಿಹಿ ಹಂಚಿ ಅಲ್ಲ.

ಎರಡೇ ತಿಂಗಳಿಗೆ, ಮೇ 8ರಂದು, ಅವರ ತಾಯಿ ಫ್ರಾನ್ಸ್ ಹೃದಯಾಘಾತದಿಂದ ತೀರಿಕೊಂಡರು. ನ್ಯೂಯಾರ್ಕ್ ಆಗ ಪಿಟ್ಸ್‌ಬರ್ಗ್ ಎದುರು 1-3 ಹಿಂದೆ ಇತ್ತು, ಇನ್ನೊಂದು ಸೋತರೆ ಮನೆಗೆ. ಅವರು ಲಾವಾಲ್‌ಗೆ ಹೋಗಿ, ಮನೆಯವರನ್ನು ಕಂಡು, ಮರುದಿನ ಬಂದು ಐಸಿಗೆ ಇಳಿದರು. ಆ ಪಂದ್ಯ ಗೆದ್ದರು. ಮುಂದಿನ ಪಂದ್ಯ ಮೇ 11, ಭಾನುವಾರ, ಇಲ್ಲಿನ ಅಮ್ಮಂದಿರ ದಿನ. ಆ ಪಂದ್ಯದ ಮೊದಲ ಗೋಲು ಅವರದು. ರೇಂಜರ್ಸ್ ಸರಣಿಯನ್ನೇ ತಿರುಗಿಸಿ ಗೆದ್ದಿತು. ಮುಂದಿನ ಸರಣಿ ಮಾಂಟ್ರಿಯಲ್ ಎದುರಿಗಿತ್ತು, ಲಾವಾಲ್ ಅಲ್ಲಿಂದ ಹತ್ತಿರವೇ. ಹಾಗಾಗಿ ಅಂತ್ಯಸಂಸ್ಕಾರಕ್ಕೆ ಇಡೀ ತಂಡ ಹೋಯಿತು. ಫೈನಲ್‌ನಲ್ಲಿ ಲಾಸ್ ಏಂಜಲೀಸ್ ಎದುರು ಸೋತರು.

ಊರಿಂದ ಹೊತ್ತಲ್ಲದ ಹೊತ್ತಲ್ಲಿ ಫೋನ್ ಬಂದರೆ ಎದೆ ಧಸಕ್ ಅನ್ನೋದು ನಮಗೆಲ್ಲ ಗೊತ್ತು. ವೀಸಾ ಸ್ಟಾಂಪಿಂಗ್ ನೋಡಬೇಕಾ, ಟಿಕೆಟ್ ರೇಟು ನೋಡಬೇಕಾ, ಪರೀಕ್ಷೆ ನೋಡಬೇಕಾ ಅಂತ ಆ ಹೊತ್ತಿನಲ್ಲಿ ಯೋಚಿಸಬೇಕಾಗಿ ಬಂದವರು ನಮ್ಮಲ್ಲೂ ಇದ್ದಾರೆ. ಸೇಂಟ್ ಲೂಯಿ ಮರುದಿನವೇ ಆಡಿದರು ಅಂತ ಎಲ್ಲರೂ ಹಾಗೇ ಮಾಡಬೇಕು ಅಂತಲ್ಲ. ನನಗೆ ಇದರಲ್ಲಿ ದೊಡ್ಡದಾಗಿ ಕಂಡದ್ದು ಆ ಗೋಲು ಅಲ್ಲ, ಜೊತೆಗಾರರೆಲ್ಲ ಲಾವಾಲ್‌ಗೆ ಹೋಗಿ ನಿಂತದ್ದು. ಅವರು ಆ ತಂಡ ಸೇರಿ ಬರೀ ಎರಡು ತಿಂಗಳಾಗಿತ್ತು. ನಮ್ಮ ಸಂಘ ಇರೋದು ಗಣೇಶನ ಹಬ್ಬಕ್ಕೆ, ರಾಜ್ಯೋತ್ಸವಕ್ಕೆ ಮಾತ್ರ ಅಲ್ಲ.

2015ರ ಜುಲೈನಲ್ಲಿ ನಿವೃತ್ತಿ. ಒಟ್ಟು 1,134 ಪಂದ್ಯ, 391 ಗೋಲು, 642 ಅಸಿಸ್ಟ್, 1,033 ಪಾಯಿಂಟ್. 2017ರ ಜನವರಿ 13ರಂದು ಟ್ಯಾಂಪಾ ತನ್ನ ಕೋಪ ಮರೆತು 26ನ್ನು ಛಾವಣಿಗೆ ಏರಿಸಿತು, ಆ ತಂಡ ಹಾಗೆ ಗೌರವಿಸಿದ ಮೊದಲ ನಂಬರ್ ಅದು. ಆ ರಾತ್ರಿ ಎದುರಾಳಿ ಕೊಲಂಬಸ್, 2000ದಲ್ಲಿ ಅವರನ್ನು ಆರಿಸದೆ ಬಿಟ್ಟ ಎರಡು ತಂಡಗಳಲ್ಲೊಂದು. ಕೊಲಂಬಸ್ ಕೋಚ್ ಆಗಿ ಆ ಬೆಂಚಿನಲ್ಲಿದ್ದವರು ಟಾರ್ಟೊರೆಲ್ಲಾ. 2018ರಲ್ಲಿ ಹಾಲ್ ಆಫ್ ಫೇಮ್. ಆಮೇಲೆ ಮಕ್ಕಳ ತಂಡಗಳಿಗೆ ಕಲಿಸುತ್ತಿದ್ದವರನ್ನು 2022ರ ಫೆಬ್ರವರಿಯಲ್ಲಿ ಮಾಂಟ್ರಿಯಲ್ ಕೆನೇಡಿಯನ್ಸ್ ನೇರವಾಗಿ ಕೋಚ್ ಮಾಡಿತು. ಮತ್ತೆ ಅದೇ ಮಾತು, ಅನುಭವ ಇಲ್ಲ ಅಂತ. ಆ ವರ್ಷ ಲೀಗಿನಲ್ಲಿ ಕೊನೆಯ ಸ್ಥಾನದಲ್ಲಿದ್ದ ತಂಡ 2025ರಲ್ಲಿ ಪ್ಲೇಆಫ್ ಆಡಿತು.

ಹಾಗಾದ್ರೆ ನಮಗೇನು?

'ಪ್ರಯತ್ನ ಪಟ್ಟರೆ ಎಲ್ಲರೂ ಸೇಂಟ್ ಲೂಯಿ ಆಗಬಹುದು' ಅಂತ ಮುಗಿಸಿದರೆ ಅದು ಡೇಟಾ ಓದಿದವರ ಮಾತಾಗಲ್ಲ. ಗೆದ್ದವರನ್ನು ಮಾತ್ರ ಎಣಿಸಿ ಸೂತ್ರ ಬರೆಯಬಾರದು ಅಂತ ನಮಗೆ ಮೊದಲ ಸೆಮಿಸ್ಟರಿನಲ್ಲೇ ಹೇಳಿಕೊಡ್ತಾರೆ. ಅದಕ್ಕೇ ವರ್ಮಾಂಟ್‌ನ ಆ ಮೂವರನ್ನು ಒಟ್ಟಿಗೆ ನೋಡೋಣ.

ಟಿಮ್ ಥಾಮಸ್‌ನ ಡ್ರಾಫ್ಟ್ ಆಗಿತ್ತು, ಆದರೆ 217ನೆಯವರಾಗಿ. ಫಿನ್‌ಲೆಂಡ್ ಮತ್ತು ಕೆಳಗಿನ ಲೀಗುಗಳಲ್ಲಿ ವರ್ಷಗಟ್ಟಲೆ ಅಲೆದು, ಮೂವತ್ತು ದಾಟಿದ ಮೇಲೆ ಬಾಸ್ಟನ್‌ನ ಮುಖ್ಯ ಗೋಲಿಯಾದರು. 2011ರಲ್ಲಿ ಸೇಂಟ್ ಲೂಯಿ ಇದ್ದ ಟ್ಯಾಂಪಾವನ್ನು ಏಳನೇ ಪಂದ್ಯದಲ್ಲಿ 1-0ರಿಂದ ತಡೆದು, ಮುಂದೆ ಕಪ್ಪನ್ನೂ ಗೆದ್ದರು. ಎರಿಕ್ ಪೆರಾಂ ಅದೇ ಊರು, ಅದೇ ಕಾಲೇಜು, ಅದೇ ಆಟ. 2004ರ ಪ್ಲೇಆಫ್‌ನಲ್ಲಿ ಟ್ಯಾಂಪಾ ತಂಡದಲ್ಲೂ ಇದ್ದರು. ಎನ್‌ಎಚ್‌ಎಲ್‌ನಲ್ಲಿ ಸಿಕ್ಕಿದ್ದು 245 ಪಂದ್ಯ. ಆದರೆ ಫಿನ್‌ಲೆಂಡಿನಲ್ಲಿ ನೆಲೆಯೂರಿ, ಅಲ್ಲಿನ ಜೆವೈಪಿ ತಂಡದ ಜೊತೆ ಚಾಂಪಿಯನ್ ಆಗಿ, ಬಹಳ ವರ್ಷ ಆಡಿದರು. ಅವರದು ಸೋಲು ಅಂತ ಯಾರಾದರೂ ಹೇಳೋಕೆ ಆಗುತ್ತಾ?

ಮೂವರಿಂದ ನಾನು ತೆಗೆದುಕೊಳ್ಳೋದು ಇಷ್ಟು. ಒಂದು, ಡ್ರಾಫ್ಟ್ ಒಂದು ಊಹೆ. ಹದಿನೆಂಟರ ಹುಡುಗನ ಬಗ್ಗೆ, ಕಣ್ಣಿಗೆ ಕಾಣೋ ಅಳತೆಗಳಿಂದ, ಒಂದು ದಿನ ಮಾಡಿದ ಊಹೆ. ಬಹಳ ಸಲ ಸರಿ ಇರುತ್ತೆ, ಆದರೆ ಅದು ತೀರ್ಪಲ್ಲ. ಎರಡು, ಪ್ರತಿಭೆ ಎಷ್ಟೇ ಇರಲಿ, ಐಸ್ ಸಿಗೋ ಜಾಗ ಬೇಕು. ಹೆಸರುವಾಸಿ ಕಂಪನಿಯ ನಾಲ್ಕನೇ ಲೈನಿಗಿಂತ ಚಿಕ್ಕ ಕಂಪನಿಯ ಎರಡನೇ ಲೈನ್ ಮೇಲಾಗಬಹುದು. ಮೂರು, ಪೆರಾಂ ಹಾಗೆ, ಕನಸಿನ ಲೀಗ್ ಒಂದೇ ಲೀಗ್ ಅಲ್ಲ. ಊರಿಗೆ ಮರಳಿದವರನ್ನು, ಜರ್ಮನಿಗೋ ಸಿಂಗಪುರಕ್ಕೋ ಹೋದವರನ್ನು 'ಪಾಪ' ಅನ್ನೋದನ್ನು ನಾವು ಬಿಡೋಣ.

ಟ್ಯಾಂಪಾ ತಂಡವಂತೂ ಪಾಠ ಕಲಿಯಿತು. 5 ಅಡಿ 8 ಇಂಚಿನ ಟೈಲರ್ ಜಾನ್ಸನ್, ಅವರಿಗಿಂತ ಸ್ವಲ್ಪವೇ ಎತ್ತರದ ಯಾನಿ ಗೂರ್ಡ್, ಇಬ್ಬರನ್ನೂ ಯಾವ ತಂಡವೂ ಡ್ರಾಫ್ಟ್ ಮಾಡಿರಲಿಲ್ಲ. ಇಬ್ಬರನ್ನೂ ಟ್ಯಾಂಪಾ ಸೇರಿಸಿಕೊಂಡಿತು. 2020 ಮತ್ತು 2021ರಲ್ಲಿ ಸತತ ಎರಡು ಕಪ್ ಗೆದ್ದ ತಂಡದಲ್ಲಿ ಇಬ್ಬರೂ ಇದ್ದರು.

ಈ ಸೀಸನ್ ಒಂದು ಪಂದ್ಯಕ್ಕಾದರೂ ಹೋಗಿ ಬನ್ನಿ. ಹೊರಗೆ ಎಷ್ಟೇ ಸೆಕೆ ಇರಲಿ, ಒಳಗೆ ಚಳಿ, ಸ್ವೆಟರ್ ಮರೀಬೇಡಿ. ಪಕ್ ಚಿಕ್ಕದು, ಮೊದಲ ಸಲ ಕಣ್ಣಿಗೆ ಸಿಗಲ್ಲ. ಹಾಗಾಗಿ ಯಾರಾದರೂ ಒಬ್ಬ ಫಾರ್ವರ್ಡನ್ನು ಆರಿಸಿಕೊಂಡು, ಅವನು ಬೆಂಚಿನಿಂದ ಇಳಿದು ಮತ್ತೆ ಬೆಂಚಿಗೆ ಬರೋ ತನಕ ಅವನನ್ನೇ ನೋಡಿ. ಪಕ್ ಇಲ್ಲದಾಗ ಅವನು ಎಲ್ಲಿಗೆ ಓಡ್ತಾನೆ, ಯಾರನ್ನು ತಡೀತಾನೆ ಅಂತ. ನಾಲ್ಕೈದು ಸರದಿ ಹಾಗೆ ನೋಡಿದರೆ ಆಟ ತಾನಾಗಿ ಬಿಚ್ಚಿಕೊಳ್ಳುತ್ತೆ. ನಾಲ್ಕನೇ ಲೈನಿನವನನ್ನು ಆರಿಸಿಕೊಂಡರೆ ಇನ್ನೂ ಒಳ್ಳೇದು.